ಬೈಬಲ್ ತೆರೆದರೆ ಒಂದು ದಿನ ‘ಹೊರಡು’, ಮರುದಿನ ‘ಇಲ್ಲೇ ಇರು’: ಯಾವುದನ್ನು ಹಿಡಿಯಲಿ?

ಪ್ರಶ್ನೆ: ಸರ್, ನಾನು ಕೆಲಸಕ್ಕೆ ಹೋಗುವವಳು. ಇಬ್ಬರು ಮಕ್ಕಳಿದ್ದಾರೆ. ಅಪ್ಪ ನಮ್ಮ ಜೊತೆಗೇ ಇದ್ದಾರೆ, ಅವರ ಆರೋಗ್ಯ ಅಷ್ಟಕ್ಕಷ್ಟೆ. ಸಭೆಯಲ್ಲಿ ಸಂಡೇ ಸ್ಕೂಲ್ ನೋಡಿಕೊಳ್ಳುತ್ತೇನೆ. ಈಗ ಆಫೀಸಿನಲ್ಲಿ ಬಡ್ತಿ ಬಂದಿದೆ, ಆದರೆ ಬೇರೆ ಊರಿಗೆ ಹೋಗಬೇಕು. ಅಪ್ಪ ಬರೋದಿಲ್ಲ ಅಂತಾರೆ. ಪ್ರಾರ್ಥನೆ ಮಾಡಿ ಬೈಬಲ್ ತೆರೆದೆ. ಆದಿಕಾಂಡ 12:1 ಬಂತು, ದೇಶ ಬಿಟ್ಟು ಹೊರಡು ಅಂತ. ಖುಷಿಯಾಯಿತು. ಮರುದಿನ ಮತ್ತೆ ತೆರೆದರೆ ಯೆರೆಮೀಯ 42:10, ಈ ದೇಶದಲ್ಲೇ ಇದ್ದರೆ ನಿಮ್ಮನ್ನು ಕಟ್ಟುತ್ತೇನೆ ಅಂತ. ಇದೊಂದೇ ಅಲ್ಲ. ಚಿಂತೆ ಮಾಡಬೇಡಿ ಅನ್ನುವ ವಾಕ್ಯವೂ ಇದೆ, ಇರುವೆಯನ್ನು ನೋಡಿ ಕಲಿ ಅನ್ನುವ ವಾಕ್ಯವೂ ಇದೆ. ಮನೆ, ಕೆಲಸ, ಸಭೆ ಮೂರನ್ನೂ ಸಮವಾಗಿ ತೂಗಿಸಲು ಆಗುತ್ತಿಲ್ಲ. ಬೆಳಿಗ್ಗೆ ಓದಲು ಹೊತ್ತು ಸಿಗೋದಿಲ್ಲ, ವರ್ಷದ ಓದುವ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟೆ. ದೇವರ ವಾಕ್ಯದ ಮೇಲೆ ಆತುಕೊಂಡು ಬದುಕೋದು ಅಂದರೆ ನಿಜವಾಗಿ ಏನು?

ಉತ್ತರ: ಸಹೋದರಿ, ನಿಮಗೆ ಸಿಕ್ಕ ಆ ಎರಡು ವಾಕ್ಯಗಳಿಂದಲೇ ಶುರು ಮಾಡೋಣ. ಎರಡಕ್ಕೂ ಹಿಂದೆ ಮುಂದೆ ಒಂದು ಕಥೆ ಇದೆ. ಅದನ್ನು ಓದಿದರೆ ನಿಮ್ಮ ಗೊಂದಲದ ಅರ್ಧ ಗಂಟು ಅಲ್ಲೇ ಸಡಿಲವಾಗುತ್ತದೆ.

ಆದಿಕಾಂಡ 12ರಲ್ಲಿ ‘ಹೊರಡು’ ಎಂಬ ಮಾತು ಬಂದದ್ದು ಅಬ್ರಾಮನಿಗೆ. ಆಗ ಅವನಿಗೆ 75 ವರ್ಷ. ಹಿಂದಿನ ಅಧ್ಯಾಯದ ಕೊನೆಯನ್ನು ನೋಡಿ. ಅವನ ತಂದೆ ತೆರಹನೇ ಮನೆಮಂದಿಯನ್ನು ಕಟ್ಟಿಕೊಂಡು ಕಾನಾನಿಗೆಂದು ಊರ್ ಪಟ್ಟಣ ಬಿಟ್ಟಿದ್ದ. ದಾರಿಯಲ್ಲಿ ಖಾರಾನಿನಲ್ಲೇ ಉಳಿದುಬಿಟ್ಟ. ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನು ಈ ಕಥೆ ಹೇಳುವಾಗ, ತಂದೆ ಸತ್ತ ಮೇಲೆ ಅಬ್ರಹಾಮ (ಅಬ್ರಾಮನಿಗೆ ಆಮೇಲೆ ಬಂದ ಹೆಸರು) ಅಲ್ಲಿಂದ ಬಂದ ಎನ್ನುತ್ತಾನೆ (ಅಪೊಸ್ತಲರ ಕೃತ್ಯಗಳು 7:4). ಹಾಗಂತ ಇದನ್ನೇ ಇನ್ನೊಂದು ಸೂಚನೆ ಮಾಡಿಕೊಂಡು, ಅಪ್ಪ ಇರುವತನಕ ಕದಲಬಾರದು ಅಂತ ಕೂತುಬಿಡಬೇಡಿ! ನಾನು ಹೇಳುತ್ತಿರುವುದು ಇಷ್ಟೇ. ಆ ಕರೆ ಒಬ್ಬ ಮನುಷ್ಯನಿಗೆ, ಅವನಿಂದ ಒಂದು ಜನಾಂಗವನ್ನೇ ಹುಟ್ಟಿಸುವ ಕೆಲಸಕ್ಕಾಗಿ ಬಂದದ್ದು. ಅದನ್ನು ಕಿತ್ತು ತಂದು ಆಫೀಸಿನ ವರ್ಗಾವಣೆ ಪತ್ರಕ್ಕೆ ಅಂಟಿಸೋಕೆ ಆಗೋದಿಲ್ಲ.

ಯೆರೆಮೀಯ 42 ಇನ್ನೂ ಸ್ವಾರಸ್ಯದ ಅಧ್ಯಾಯ. ಬಾಬೆಲಿನವರು ಯೆರೂಸಲೇಮನ್ನು ಹಾಳು ಮಾಡಿ ಹೋಗಿದ್ದಾರೆ. ಅವರು ನೇಮಿಸಿದ ಅಧಿಕಾರಿ ಗೆದಲ್ಯನನ್ನು ಯಾರೋ ತಮ್ಮವರೇ ಕೊಂದುಬಿಟ್ಟಿದ್ದಾರೆ. ಇನ್ನು ಬಾಬೆಲಿನವರು ಸುಮ್ಮನೆ ಬಿಡೋದಿಲ್ಲ ಎಂಬ ಭಯ. ಅಳಿದುಳಿದವರು ಗಂಟುಮೂಟೆ ಕಟ್ಟಿಕೊಂಡು ಐಗುಪ್ತಕ್ಕೆ ಹೊರಟಿದ್ದಾರೆ, ಬೇತ್ಲೆಹೇಮಿನ ಹತ್ತಿರ ತಂಗಿದ್ದಾರೆ. ಅಲ್ಲಿ ಅವರಿಗೆ ಪ್ರವಾದಿಯ ನೆನಪಾಗುತ್ತದೆ. ‘ನಾವು ಯಾವ ದಾರಿ ಹಿಡಿಯಬೇಕು ಅಂತ ದೇವರನ್ನು ಕೇಳು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಹೇಳಿದ ಹಾಗೆ ಕೇಳುತ್ತೇವೆ’ ಎಂದು ಮಾತು ಕೊಡುತ್ತಾರೆ. ಯೆರೆಮೀಯನಿಗೆ ಉತ್ತರ ಬರುವುದು ಹತ್ತು ದಿನ ಕಳೆದ ಮೇಲೆ. ಉತ್ತರ ಏನೆಂದರೆ, ಇಲ್ಲೇ ಇರಿ. ಅದಕ್ಕೆ ಅವರು ಏನನ್ನುತ್ತಾರೆ ಗೊತ್ತಾ? ‘ನೀನು ಸುಳ್ಳು ಹೇಳುತ್ತೀಯ’ ಅನ್ನುತ್ತಾರೆ. ಐಗುಪ್ತಕ್ಕೆ ಹೋಗೇ ಹೋಗುತ್ತಾರೆ. ಹೋಗುವಾಗ ಯೆರೆಮೀಯನನ್ನೂ ಎಳೆದುಕೊಂಡು ಹೋಗುತ್ತಾರೆ.

ಅಂದರೆ, ನಿಮ್ಮ ಬೆರಳು ಹೋಗಿ ನಿಂತದ್ದು ದೇವರ ನಡೆಸುವಿಕೆಯನ್ನು ಕೇಳುವ ಬಗ್ಗೆಯೇ ಇರುವ ಅಧ್ಯಾಯದ ಮೇಲೆ. ಆದರೆ ನೀವು ಹತ್ತನೇ ವಚನವನ್ನು ಮಾತ್ರ ಎತ್ತಿಕೊಂಡಿರಿ. ಅಲ್ಲಿಂದ ಕಲಿಯುವುದು ಊರು ಬಿಡಬೇಕೋ ಬೇಡವೋ ಎಂಬುದನ್ನಲ್ಲ. ಆ ಜನ ಹೊರಟು ನಿಂತ ಮೇಲೆ ದಾರಿ ಕೇಳಿದರು. ಅವರಿಗೆ ಬೇಕಾಗಿದ್ದದ್ದು ಉತ್ತರ ಅಲ್ಲ, ಒಪ್ಪಿಗೆ. ಯೆರೆಮೀಯ ಅದನ್ನೇ ಅವರ ಮುಖಕ್ಕೆ ಹೇಳುತ್ತಾನೆ, ನಿಮ್ಮನ್ನು ನೀವೇ ಮೋಸಪಡಿಸಿಕೊಂಡಿರಿ ಅಂತ (42:20).

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಮೊದಲ ದಿನದ ವಾಕ್ಯ ಓದಿ ‘ಖುಷಿಯಾಯಿತು’ ಎಂದು ಬರೆದಿದ್ದೀರಿ. ಆದರೂ ಮರುದಿನ ಮತ್ತೆ ತೆರೆದಿರಿ. ಯಾಕೆ? ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ, ನಾನು ಬೈಯುತ್ತಿಲ್ಲ. ಈ ಎರಡು ಮಾತಿನಲ್ಲಿ ನಿಮ್ಮ ಮನಸ್ಸು ಕಾಣುತ್ತಿದೆ. ಹೋಗಬೇಕು ಅಂತ ಆಸೆ ಇದೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಅಪ್ಪನ ವಿಷಯ ಮಾತ್ರ ಒಳಗೆ ಚುಚ್ಚುತ್ತಿದೆ. ಇವೆರಡನ್ನೂ ದೇವರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿಕೊಳ್ಳಿ. ಕೀರ್ತನೆಗಳನ್ನು ಬರೆದವರು ಹಾಗೇ ಮಾಡಿದರು. ‘ಎಷ್ಟರ ತನಕ ಸ್ವಾಮೀ’ ಅಂತ ಕೇಳಿದರು, ಜಗಳವಾಡಿದರು. 88ನೇ ಕೀರ್ತನೆಯಂತೂ ಕತ್ತಲೆ ಎನ್ನುವಲ್ಲಿಗೇ ಮುಗಿದುಹೋಗುತ್ತದೆ, ಸಮಾಧಾನದ ಮಾತಿಗೆ ತಿರುಗುವುದೇ ಇಲ್ಲ. ಅಷ್ಟು ನೇರವಾಗಿ ಮಾತಾಡಲು ನಮಗೆ ಸಲಿಗೆ ಇರುವಾಗ, ಪುಟ ತಿರುಗಿಸಿ ಗುಟ್ಟಾಗಿ ಕೇಳುವ ಅಗತ್ಯ ಏನಿದೆ?

ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುವುದು ಹೊಸದೇನಲ್ಲ. ಇದಕ್ಕೆ ಹಳೆಯ ಕಾಲದ ದೊಡ್ಡ ಕ್ರೈಸ್ತ ಗುರು ಆಗಸ್ಟೀನನನ್ನು ಸಾಕ್ಷಿಗೆ ಕರೆಯುವವರು ಬಹಳ. 386ರಲ್ಲಿ, ಮಿಲಾನಿನ ಒಂದು ತೋಟದಲ್ಲಿ, ಮಗುವಿನ ದನಿಯಂತೆ ‘ತೆಗೆದುಕೊಂಡು ಓದು’ ಎಂದು ಕೇಳಿಸಿತು. ತೆರೆದರೆ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ, ಕೆಟ್ಟ ನಡತೆ ಬಿಟ್ಟು ಕ್ರಿಸ್ತನನ್ನು ಧರಿಸಿಕೊಳ್ಳಿ ಎಂಬ ಮಾತು. ಅವನ ಬಾಳೇ ತಿರುಗಿತು. ಇದು ನಿಜ. ಆದರೆ ಅದೇ ಆಗಸ್ಟೀನ ಮುಂದೆ ಬಿಷಪ್ ಆದ ಮೇಲೆ ಬರೆದ ಒಂದು ಪತ್ರದಲ್ಲಿ, ಸುವಾರ್ತೆಯ ಪುಟಗಳಿಂದ ಶಕುನ ನೋಡುವುದು ತನಗೆ ಇಷ್ಟವಿಲ್ಲ ಎನ್ನುತ್ತಾನೆ. ದೆವ್ವಗಳನ್ನು ಕೇಳಲು ಓಡುವುದಕ್ಕಿಂತ ಇದು ವಾಸಿಯಂತೆ. ಆದರೂ ಲೋಕದ ವ್ಯವಹಾರಕ್ಕೆ ದೇವರ ಮಾತನ್ನು ಹೀಗೆ ಬಳಸಬಾರದು ಎಂಬುದು ಅವನ ಅಭಿಪ್ರಾಯ. ಈಗಿನ ಫ್ರಾನ್ಸಿನಲ್ಲಿರುವ ಆಗ್ದ್ ಎಂಬಲ್ಲಿ 506ರಲ್ಲಿ ಸೇರಿದ ಸಭೆಯ ಹಿರಿಯರು ಇಂಥ ಶಕುನ ನೋಡುವುದನ್ನು ನಿಷೇಧವನ್ನೇ ಮಾಡಿದರು. ಇನ್ನೊಂದು ಮಾತು. ಆಗಸ್ಟೀನನಿಗೆ ಸಿಕ್ಕ ವಾಕ್ಯ ಅವನಿಗೆ ಗೊತ್ತಿಲ್ಲದ ಯಾವ ಗುಟ್ಟನ್ನೂ ಹೇಳಲಿಲ್ಲ. ಬಿಡಬೇಕು ಅಂತ ಗೊತ್ತಿದ್ದೂ ಬಿಡಲಾಗದ ಪಾಪವನ್ನು ಬಿಡು ಎಂದಿತು, ಅಷ್ಟೇ.

ದೇವರು ಹಾಗೆ ಮಾತಾಡಲಾರನೇ ಎಂದು ಕೇಳಿದರೆ, ಮಾತಾಡಬಲ್ಲ. ಆದರೆ ಅದನ್ನೇ ರೂಢಿ ಮಾಡಿಕೊಳ್ಳಿ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಗಿದ್ಯೋನನ ಉಣ್ಣೆಯನ್ನೂ ಜನ ಹೀಗೇ ಎತ್ತಿ ಹಿಡಿಯುತ್ತಾರೆ. ಯುದ್ಧಕ್ಕೆ ಹೋಗು ಎಂದು ದೇವರು ಹೇಳಿದ ಮೇಲೂ, ನೆಲ ಒಣಗಿದ್ದು ಉಣ್ಣೆ ಮಾತ್ರ ಮಂಜಿನಿಂದ ನೆನೆಯಲಿ ಎಂದು ಸೂಚನೆ ಕೇಳಿದವನು ಅವನು (ನ್ಯಾಯಸ್ಥಾಪಕರು 6). ಗಿದ್ಯೋನನಿಗೆ ಮಾಡಬೇಕಾದ ಕೆಲಸ ಸ್ಪಷ್ಟವಾಗಿ ಮೊದಲೇ ಗೊತ್ತಿತ್ತು, ಧೈರ್ಯ ಸಾಲದೆ ಉಣ್ಣೆ ಹಾಸಿದ. ದೇವರು ಸೈರಿಸಿಕೊಂಡ. ಅಪೊಸ್ತಲರ ಕೃತ್ಯಗಳ ಮೊದಲನೇ ಅಧ್ಯಾಯದಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನ ಬದಲಿಗೆ ಇನ್ನೊಬ್ಬನನ್ನು ಆರಿಸಲು ಚೀಟು ಹಾಕಿದ್ದೇ ಕೊನೆ. ಎರಡನೇ ಅಧ್ಯಾಯದಲ್ಲಿ ಪವಿತ್ರಾತ್ಮನು ಇಳಿದು ಬಂದ ಮೇಲೆ ಸಭೆ ಚೀಟು ಹಾಕಿ ದಾರಿ ನೋಡಿದ್ದು ಹೊಸ ಒಡಂಬಡಿಕೆಯಲ್ಲಿ ಮತ್ತೆ ಕಾಣೋದಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ತಿರುಳು, ಒಂದಕ್ಕೊಂದು ಎದುರು ನಿಂತ ಹಾಗೆ ಕಾಣುವ ವಾಕ್ಯಗಳು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಅಡವಿಯಲ್ಲಿ ಸೈತಾನ ಯೇಸುವನ್ನು ಶೋಧಿಸಿದ್ದು ನಿಮಗೆ ಗೊತ್ತೇ ಇದೆ (ಮತ್ತಾಯ 4). ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಧುಮುಕು ಎನ್ನುವಾಗ ಅವನು ಸುಮ್ನೆ ಹೇಳಲಿಲ್ಲ, ವಾಕ್ಯ ಕೊಟ್ಟು ಹೇಳಿದ. 91ನೇ ಕೀರ್ತನೆ: ನಿನ್ನನ್ನು ಕಾಯಲು ದೇವದೂತರಿಗೆ ಅಪ್ಪಣೆ ಇದೆ, ನಿನ್ನ ಕಾಲು ಕಲ್ಲಿಗೆ ತಗಲದಂತೆ ಎತ್ತಿಕೊಳ್ಳುತ್ತಾರೆ. ವಾಕ್ಯ ಸತ್ಯವೇ. ಯೇಸು ಅದನ್ನು ಸುಳ್ಳು ಅನ್ನಲಿಲ್ಲ. ಪಕ್ಕದಲ್ಲಿ ಇನ್ನೊಂದು ವಾಕ್ಯ ಇಟ್ಟ: ನಿನ್ನ ದೇವರನ್ನು ಪರೀಕ್ಷಿಸಬೇಡ ಎಂದೂ ಬರೆದಿದೆ. ಒಂದು ವಾಕ್ಯ ದೇವರು ಕಾಯುತ್ತಾನೆ ಎನ್ನುತ್ತದೆ. ಇನ್ನೊಂದು, ಕಾಯುತ್ತಾನೋ ಇಲ್ಲವೋ ನೋಡೋಣ ಅಂತ ಧುಮುಕಬೇಡ ಎನ್ನುತ್ತದೆ. ಎರಡನ್ನೂ ಹಿಡಿದವನು ನೆಟ್ಟಗೆ ನಿಲ್ಲುತ್ತಾನೆ. ಮೊದಲನೆಯದನ್ನು ಮಾತ್ರ ಹಿಡಿದವನು ಗೋಪುರದಿಂದ ಬೀಳುತ್ತಾನೆ. (ಸೈತಾನ ಆ ಕೀರ್ತನೆಯನ್ನು ಎಲ್ಲಿಗೆ ನಿಲ್ಲಿಸಿದ ನೋಡಿದಿರಾ? ಮುಂದಿನ ವಚನದಲ್ಲೇ ಸರ್ಪವನ್ನು ತುಳಿಯುವ ಮಾತಿದೆ. ಅದಕ್ಕೆ ಅವನು ಬರಲೇ ಇಲ್ಲ.)

ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳವು. ಇಸ್ರಾಯೇಲರು ನಲವತ್ತು ವರ್ಷ ಅಡವಿಯಲ್ಲಿ ಅಲೆದದ್ದನ್ನು ಮೋಶೆ ನೆನಪಿಸುವ ಭಾಗ ಅದು. ಅಡವಿಯಲ್ಲಿ ನಲವತ್ತು ದಿನ ಇದ್ದ ಯೇಸುವಿನ ಬಾಯಿಗೆ ಅದೇ ಬಂತು. ಅವನ ಕೈಯಲ್ಲಿ ಸುರುಳಿ ಇರಲಿಲ್ಲ. ಆ ಭಾಗವಿಡೀ ಮನಸ್ಸಿನಲ್ಲಿತ್ತು. ವಾಕ್ಯದ ಮೇಲೆ ಆತುಕೊಳ್ಳುವುದೆಂದರೆ ನನ್ನ ಪ್ರಕಾರ ಇದೇ. ಬೇಕಾದಾಗ ಒಂದು ವಚನ ಹುಡುಕುವುದಲ್ಲ. ಒಂದು ವಚನ ಎದುರಿಗೆ ಬಂದಾಗ, ಅದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ವಚನ ನೆನಪಿಗೆ ಬರುವಷ್ಟು ಇಡೀ ಪುಸ್ತಕದ ಬಳಕೆ ಇರುವುದು.

ಬೈಬಲ್ ತಾನೇ ಇಂಥ ಜೋಡಿಗಳನ್ನು ಇಟ್ಟಿದೆ. ಜ್ಞಾನೋಕ್ತಿಗಳು 26:4 ಮೂರ್ಖನಿಗೆ ಅವನ ಮೂರ್ಖತನಕ್ಕೆ ತಕ್ಕ ಉತ್ತರ ಕೊಡಬೇಡ ಎನ್ನುತ್ತದೆ. ಅದರ ಬೆನ್ನಿಗೇ ಇರುವ 26:5, ಕೊಡು ಎನ್ನುತ್ತದೆ! ಬರೆದವರಿಗೆ ಮರೆವು ಬಂದದ್ದಲ್ಲ, ಬೇಕೆಂದೇ ಒಟ್ಟಿಗೆ ಇಟ್ಟದ್ದು. ಒಮ್ಮೊಮ್ಮೆ ಉತ್ತರ ಕೊಟ್ಟರೆ ನೀವೂ ಅವನ ಹಾಗೇ ಆಗುತ್ತೀರಿ. ಒಮ್ಮೊಮ್ಮೆ ಕೊಡದಿದ್ದರೆ ಅವನು ತಾನೇ ಜಾಣ ಅಂದುಕೊಳ್ಳುತ್ತಾನೆ. ಎದುರಿಗೆ ಇರುವವನನ್ನು ನೋಡಿ ನಿರ್ಧರಿಸಬೇಕು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ 6:2ರಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರಿರಿ ಎನ್ನುತ್ತಾನೆ. ಮೂರು ವಚನ ದಾಟಿದರೆ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎನ್ನುತ್ತಾನೆ. ಎಲ್ಲರ ಹೊರೆಯನ್ನೂ ತಲೆಗೆ ಹಾಕಿಕೊಳ್ಳುವವರು ಎರಡನೆಯದನ್ನು ಓದಬೇಕು. ತನ್ನ ಪಾಡಿಗೆ ತಾನಿರುವವರು ಮೊದಲನೆಯದನ್ನು.

ತಮಾಷೆ ಏನೆಂದರೆ ನಾವು ಯಾವಾಗಲೂ ಉಲ್ಟಾ ಆರಿಸಿಕೊಳ್ಳುತ್ತೇವೆ. ‘ನಾಳೆಯ ಚಿಂತೆ ಬೇಡ’ ಎನ್ನುವ ವಾಕ್ಯ ಸೋಮಾರಿಗೆ ಬಲು ಇಷ್ಟ. ಇರುವೆಯ ವಾಕ್ಯ ಹಗಲೂ ರಾತ್ರಿ ದುಡಿಯುವವನ ಬಾಯಲ್ಲೇ ಇರುತ್ತದೆ. ಸಿಡುಕಿನವರಿಗೆ ಯೇಸು ದೇವಾಲಯದಲ್ಲಿ ಮೇಜುಗಳನ್ನು ಉರುಳಿಸಿದ್ದು ಚೆನ್ನಾಗಿ ನೆನಪಿರುತ್ತದೆ. ಯಾರ ಮುಂದೆಯೂ ಬಾಯಿ ಬಿಡಲು ಹೆದರುವವರಿಗೆ ಇನ್ನೊಂದು ಕೆನ್ನೆ ತೋರಿಸುವ ವಾಕ್ಯ. ನಾವು ಮೊದಲೇ ವಾಲಿರುವ ಕಡೆಗೇ ಇನ್ನಷ್ಟು ತಳ್ಳುವ ವಾಕ್ಯ ಹಿಡಿದುಕೊಂಡರೆ ತೂಕ ಎಲ್ಲಿಂದ ಬರಬೇಕು?

ಇರುವೆಯ ಮಾತು (ಜ್ಞಾನೋಕ್ತಿಗಳು 6) ಹೇಳಿದ್ದು ಸೋಮಾರಿಗೆ, ಅಲ್ಲೇ ಹೆಸರು ಹಿಡಿದು ‘ಸೋಮಾರಿಯೇ’ ಅಂತ ಕರೆದಿದೆ. ಮತ್ತಾಯ 6ರ ಮಾತು ಹೇಳಿದ್ದು ಊಟ ಬಟ್ಟೆಗೆ ಏನು ಗತಿ ಅಂತ ಕಂಗೆಟ್ಟವರಿಗೆ. ನಿಮ್ಮ ಪತ್ರ ಓದಿದರೆ ನೀವು ಸೋಮಾರಿ ಅಲ್ಲ ಎನ್ನುವುದು ಯಾರಿಗಾದರೂ ಗೊತ್ತಾಗುತ್ತದೆ. ಇರುವೆಯ ವಾಕ್ಯವನ್ನು ಸದ್ಯಕ್ಕೆ ಬೇರೆಯವರಿಗೆ ಬಿಟ್ಟುಬಿಡಿ. ಹಾಗೆಯೇ, ‘ಯಾವ ವಿಷಯಕ್ಕೂ ಚಿಂತಿಸಬೇಡಿ’ ಎಂದು ಫಿಲಿಪ್ಪಿಯವರಿಗೆ ಬರೆದ ಪೌಲನೇ, ಎಲ್ಲ ಸಭೆಗಳ ಚಿಂತೆ ದಿನವೂ ನನ್ನ ಮೇಲಿದೆ ಎಂದು ಕೊರಿಂಥದವರಿಗೆ ಬರೆದ (2 ಕೊರಿಂಥ 11:28). ಅಪ್ಪನ ಬಗ್ಗೆ ಮನಸ್ಸು ಭಾರವಾದರೆ ನಂಬಿಕೆ ಕಡಿಮೆಯಾಯಿತು ಅಂತ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಮನೆ, ಕೆಲಸ, ಸಭೆ ಮೂರನ್ನೂ ಸಮವಾಗಿ ತೂಗಿಸಲು ಆಗುತ್ತಿಲ್ಲ ಅಂತ ಬರೆದಿದ್ದೀರಿ. ಸಮವಾಗಿ ತೂಗಿಸಬೇಕು ಎಂದು ನಿಮಗೆ ಹೇಳಿದವರು ಯಾರು? ಪ್ರಸಂಗಿ 3 ಹೇಳುವುದೇ ಬೇರೆ. ನೆಡುವುದಕ್ಕೆ ಒಂದು ಕಾಲ, ಕೀಳುವುದಕ್ಕೆ ಒಂದು ಕಾಲ. ಪ್ರತಿದಿನವೂ ಅರ್ಧ ನೆಟ್ಟು ಅರ್ಧ ಕಿತ್ತು ಅಂತ ಅಲ್ಲ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಒಳ್ಳೆಯ ಸಮಾರ್ಯದವನ ಕಥೆ ಇದೆ. ದಾರಿಯಲ್ಲಿ ಬಿದ್ದವನನ್ನು ಎತ್ತಿ, ಗಾಯ ಕಟ್ಟಿ, ಕೈಯಿಂದ ಹಣ ಕೊಟ್ಟು ನೋಡಿಕೊಂಡವನು. ‘ಹೋಗು, ನೀನೂ ಅದರಂತೆ ಮಾಡು’ ಎಂದು ಕಥೆ ಮುಗಿಯುತ್ತದೆ. ಅದು ಮುಗಿದ ಕೂಡಲೇ ಲೂಕ ಮಾರ್ಥ ಮರಿಯರ ಮನೆಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಓಡಾಡಿ ಮಾಡುತ್ತಿದ್ದ ಮಾರ್ಥಳಿಗೆ ಬುದ್ಧಿಮಾತು, ಸುಮ್ಮನೆ ಕೂತು ಕೇಳುತ್ತಿದ್ದ ಮರಿಯಳಿಗೆ ಮೆಚ್ಚುಗೆ. ಬಿಡಿಬಿಡಿಯಾಗಿ ಓದಿದರೆ ಎರಡು ಬೇರೆ ಪಾಠ. ಒಟ್ಟಿಗೆ ಓದಿದರೆ, ಯಾವ ಹೊತ್ತಿಗೆ ಏಳಬೇಕು, ಯಾವ ಹೊತ್ತಿಗೆ ಕೂರಬೇಕು ಎಂಬ ವಿವೇಕವನ್ನು ಲೂಕ ಕೇಳುತ್ತಿದ್ದಾನೆ.

ದೇಹದ ವಿಷಯವನ್ನೂ ಬೈಬಲ್ ಮರೆತಿಲ್ಲ. ‘ಸಾಕು ದೇವರೇ, ನನ್ನ ಜೀವ ತೆಗೆದುಕೋ’ ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವರು ಮೊದಲು ಉಪದೇಶ ಮಾಡಲಿಲ್ಲ. ನಿದ್ದೆ, ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ಮಾತುಕತೆ ಎಲ್ಲ ಆಮೇಲೆ, ಹೋರೇಬ್ ಬೆಟ್ಟದಲ್ಲಿ (1 ಅರಸುಗಳು 19). ನೀವು ನಿದ್ದೆಗೆಟ್ಟು ತೆಗೆದುಕೊಂಡ ತೀರ್ಮಾನವನ್ನು ಅದೇ ರಾತ್ರಿ ಯಾರಿಗೂ ಹೇಳಬೇಡಿ.

ಸರಿ, ಈಗ ಬಡ್ತಿಯ ವಿಷಯ. ನನ್ನಿಂದ ಹೌದು ಅಥವಾ ಇಲ್ಲ ಎಂಬ ಉತ್ತರ ಬಯಸಿದ್ದರೆ ನಿರಾಸೆಯಾಗಬಹುದು. ಬೈಬಲಿನಲ್ಲಿ ಕೆಲವು ಕಡೆ ಆಜ್ಞೆ ಇದೆ. ಅಲ್ಲಿ ಕೇಳುವುದೇ ಬೇಡ. ಸುಳ್ಳು ಲೆಕ್ಕ ಬರೆಯಲೇ ಬೇಡವೇ ಎಂದು ಯಾರೂ ಉಪವಾಸ ಮಾಡಿ ಪ್ರಾರ್ಥಿಸಬೇಕಾಗಿಲ್ಲ. ಇನ್ನು ಕೆಲವು ಕಡೆ ನಮಗೇ ಬಿಟ್ಟಿದೆ. 1 ಕೊರಿಂಥ 7ರಲ್ಲಿ ಪೌಲನ ಪ್ರಾಮಾಣಿಕತೆ ನೋಡಿ. ಈ ವಿಷಯಕ್ಕೆ ಕರ್ತನ ಅಪ್ಪಣೆ ನನಗಿಲ್ಲ, ನನ್ನ ಅಭಿಪ್ರಾಯ ಹೇಳುತ್ತೇನೆ ಎನ್ನುತ್ತಾನೆ. ವಿಧವೆ ತನಗೆ ಇಷ್ಟವಾದವನನ್ನು ಮದುವೆಯಾಗಬಹುದು, ಅವನು ಕರ್ತನಲ್ಲಿ ಇರುವವನಾಗಿದ್ದರೆ ಸರಿ ಎನ್ನುತ್ತಾನೆ. ಬೇಲಿ ಹಾಕಿ, ಒಳಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ. ನಿಮ್ಮ ವರ್ಗಾವಣೆಯೂ ಅಂಥದ್ದೇ. ಹೋದರೂ ಪಾಪ ಅಲ್ಲ, ಉಳಿದರೂ ಪಾಪ ಅಲ್ಲ.

ಆದರೆ ಬೇಲಿ ಎಲ್ಲಿದೆ ಎನ್ನುವುದನ್ನು ನೋಡಿಕೊಳ್ಳಬೇಕು. ಅಪ್ಪನ ವಿಷಯದಲ್ಲಿ ಬೇಲಿ ಸ್ಪಷ್ಟವಾಗಿದೆ. ಮಾರ್ಕ 7ರಲ್ಲಿ ಯೇಸು ಕೆಲವರ ಮೇಲೆ ಸಿಟ್ಟಾಗುತ್ತಾನೆ. ಅವರು ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಕೊಟ್ಟದ್ದು, ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಭಕ್ತಿಯ ಹೆಸರು ಹೇಳಿ ಹೆತ್ತವರನ್ನು ಬಿಡುವುದು ಯೇಸುವಿಗೆ ಸಹಿಸಲಾಗದ ವಿಷಯ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು 1 ತಿಮೊಥೆಯ 5:8 ಖಡಾಖಂಡಿತವಾಗಿ ಹೇಳುತ್ತದೆ.

ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಚಿತ್ರವೂ ಇದೆ. ಶಿಲುಬೆಯ ಮೇಲಿದ್ದಾಗ ಯೇಸು ತನ್ನ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದ. ಆ ಹೊತ್ತಿನಿಂದ ಶಿಷ್ಯ ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದ (ಯೋಹಾನ 19:26-27). ತಾನು ಜೊತೆಯಲ್ಲಿರಲು ಆಗದಿದ್ದಾಗ ಯಾರು ನೋಡಿಕೊಳ್ಳಬೇಕು ಎಂದು ಏರ್ಪಾಡು ಮಾಡಿದ. ನೋಡಿಕೊಳ್ಳುವುದು ಅಂದರೆ ಒಂದೇ ಸೂರಿನಡಿ ಇರುವುದು ಮಾತ್ರ ಅಲ್ಲ ಎಂದು ಇಲ್ಲಿಂದ ಕಾಣುತ್ತದೆ. ಹಾಗೆಯೇ, ‘ಯಾರೋ ಒಬ್ಬರು ನೋಡಿಕೊಳ್ತಾರೆ ಬಿಡಿ’ ಎಂಬ ಮಾತೂ ಅಲ್ಲ. ಇಂಥವರೇ ನೋಡಿಕೊಳ್ಳುತ್ತಾರೆ, ಇಂಥ ಮನೆಯಲ್ಲಿ ಎಂದು ಹೆಸರು ಹಿಡಿದು ಹೇಳುವಂತಿರಬೇಕು. ಅಂಥ ಒಂದು ಹೆಸರು ನಿಮ್ಮ ಬಳಿ ಇದೆಯಾ? ಒಡಹುಟ್ಟಿದವರು ಯಾರಾದರೂ ಇದ್ದಾರಾ? ಅಪ್ಪ ಬರೋದಿಲ್ಲ ಅಂದದ್ದು ಯಾಕೆ? ಊರಿನ ಮೇಲಿನ ಮೋಹವೋ, ಹೊಸ ಜಾಗದ ಭಯವೋ, ಮಗಳಿಗೆ ಹೊರೆಯಾಗಬಾರದು ಎಂಬ ಸಂಕೋಚವೋ? ಪತ್ರದಲ್ಲಿ ಅದು ಇಲ್ಲ. ನೀವು ಕೇಳಿದ್ದೀರಾ ಎನ್ನುವುದೂ ಇಲ್ಲ. ಇಲ್ಲದಿದ್ದರೆ ಇನ್ನೊಮ್ಮೆ ಬೈಬಲ್ ತೆರೆಯುವ ಮೊದಲು ಅವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ತಂದೆತಾಯಿಯನ್ನು ಸನ್ಮಾನಿಸು ಎಂಬ ಆಜ್ಞೆ ಶುರುವಾಗುವುದು ಅಲ್ಲಿಂದಲೇ, ಅಲ್ವಾ?

ಸಂಡೇ ಸ್ಕೂಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವಿಮೋಚನಕಾಂಡ 18ರಲ್ಲಿ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋ, ‘ನೀನೂ ಬಳಲುತ್ತೀ, ಜನವೂ ಬಳಲುತ್ತಾರೆ’ ಎಂದು ಕೆಲಸ ಹಂಚಿಸಿದ. ನೀವು ಹೋದರೂ ಉಳಿದರೂ, ಆ ಜವಾಬ್ದಾರಿಗೆ ಇನ್ನೊಬ್ಬರನ್ನು ತಯಾರು ಮಾಡುವುದು ಒಳ್ಳೆಯದೇ.

ಬಡ್ತಿಯಿಂದ ಬರುವ ಹಣದ ಬಗ್ಗೆ ನೀವು ಏನೂ ಬರೆದಿಲ್ಲ. ಆದರೆ ಅದು ತಕ್ಕಡಿಯಲ್ಲಿ ಇದ್ದೇ ಇರುತ್ತದೆ. ಜ್ಞಾನೋಕ್ತಿಗಳು 30ರಲ್ಲಿ ಆಗೂರನ ಪ್ರಾರ್ಥನೆ ಓದಿ. ಬಡತನವೂ ಬೇಡ, ಐಶ್ವರ್ಯವೂ ಬೇಡ, ನನಗೆ ಬೇಕಾದಷ್ಟು ಆಹಾರ ಕೊಡು ಎನ್ನುತ್ತಾನೆ. ಹೊಟ್ಟೆ ತುಂಬಿದರೆ ದೇವರು ಯಾರು ಅಂದೇನು, ಬಡವನಾದರೆ ಕದ್ದೇನು ಎಂದು ಅವನಿಗೆ ಎರಡು ಕಡೆಯೂ ಭಯ. ಜ್ಞಾನೋಕ್ತಿಗಳ ಪುಸ್ತಕದಲ್ಲಿ ಪ್ರಾರ್ಥನೆ ಅಂತ ಇರುವುದು ಇದೊಂದೇ. ಗಂಡ ಹೆಂಡತಿ ಇಬ್ಬರೂ ಕೂತು, ನಮಗೆ ಬೇಕಾದಷ್ಟು ಅಂದರೆ ಎಷ್ಟು ಎಂದು ಒಮ್ಮೆ ಮಾತಾಡಿಕೊಳ್ಳಿ.

ಆಮೇಲೆ ನಾಲ್ಕು ಜನರನ್ನು ಕೇಳಿ. ನಿಮಗೆ ಹೂಂ ಅನ್ನುವವರನ್ನಷ್ಟೇ ಅಲ್ಲ. ಸಭೆಯ ಹಿರಿಯರು, ಊರು ಬಿಟ್ಟು ಹೋಗಿ ಬಂದವರು, ವಯಸ್ಸಾದ ಹೆತ್ತವರನ್ನು ನೋಡಿಕೊಂಡವರು. ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಸಭೆ ದೊಡ್ಡ ವಿವಾದವನ್ನು ತೀರಿಸಿದ್ದು ಹೇಗೆ? ಬಹಳ ಚರ್ಚೆ ಆಯಿತು, ಪೇತ್ರ ತನ್ನ ಅನುಭವ ಹೇಳಿದ, ಯಾಕೋಬ ಪ್ರವಾದಿಗಳ ವಾಕ್ಯ ಎತ್ತಿ ತೋರಿಸಿದ. ಕೊನೆಗೆ ‘ಪವಿತ್ರಾತ್ಮನಿಗೂ ನಮಗೂ ಸರಿ ಕಂಡಿತು’ ಎಂದು ಪತ್ರ ಬರೆದರು. ಮುಂದಿನ ಅಧ್ಯಾಯದಲ್ಲಿ ಪೌಲ ರಾತ್ರಿ ದರ್ಶನವನ್ನೇ ಕಂಡ, ಮಕೆದೋನ್ಯದವನು ಕರೆಯುತ್ತಾನೆ ಅಂತ. ಆಗಲೂ ದೇವರು ನಮ್ಮನ್ನು ಕರೆದಿದ್ದಾನೆ ಎಂದು ನಿಶ್ಚಯಿಸಿಕೊಂಡದ್ದು ‘ನಾವು’ ಎನ್ನುತ್ತಾನೆ ಆ ಪುಸ್ತಕ ಬರೆದ ಲೂಕ, ಪೌಲ ಒಬ್ಬನೇ ಅಲ್ಲ. ದರ್ಶನ ಕಂಡವನೂ ಜೊತೆಯವರ ಮುಂದೆ ಇಟ್ಟು ನೋಡಿದ ಮೇಲೆ, ಪುಟ ತಿರುಗಿಸಿದಾಗ ಸಿಕ್ಕ ವಚನವನ್ನು ನಾವು ನಾಲ್ಕು ಜನರ ಮುಂದೆ ಇಡಲು ಯಾಕೆ ಹಿಂಜರಿಯಬೇಕು? ಬೆರೋಯ ಪಟ್ಟಣದವರಂತೂ ಪೌಲನ ಉಪದೇಶವನ್ನೇ ದಿನವೂ ಶಾಸ್ತ್ರಕ್ಕೆ ಹಿಡಿದು ಪರೀಕ್ಷಿಸಿದರು, ಅದಕ್ಕೇ ಹೊಗಳಿಸಿಕೊಂಡರು. ನಾನು ಇಲ್ಲಿ ಬರೆದದ್ದನ್ನೂ ಹಾಗೇ ನೋಡಿ.

ಕೊನೆಯದಾಗಿ ದಿನದ ಓದು. ಬೈಬಲಿಗೆ ಈಗಿನ ಅಧ್ಯಾಯಗಳು ಬಂದದ್ದು 13ನೇ ಶತಮಾನದ ಆರಂಭದಲ್ಲಿ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆಗಳನ್ನು ರೊಬೇರ್ ಎತ್ಯೆನ್ ಎಂಬ ಮುದ್ರಕ 1551ರಲ್ಲಿ ಹಾಕಿದ. ಅದಕ್ಕೂ ಮೊದಲು ಸಾವಿರಕ್ಕೂ ಹೆಚ್ಚು ವರ್ಷ ಕ್ರೈಸ್ತರು ಈ ಸಂಖ್ಯೆಗಳಿಲ್ಲದೆ ಓದಿದರು. ಪೌಲನ ಪತ್ರ ಬಂದರೆ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಮನೆಯಿಂದ ಬಂದ ಪತ್ರದ ನಡುವಿನ ಒಂದು ಸಾಲನ್ನು ಕತ್ತರಿಸಿಕೊಂಡು ಉಳಿದದ್ದನ್ನು ಯಾರೂ ಎಸೆಯೋದಿಲ್ಲ. ಬೆಳಿಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಜೊತೆ ಬರುವ ವಾಕ್ಯಗಳ ಗತಿ ಮಾತ್ರ ಅದೇ. ಯೆರೆಮೀಯ 29:11 ಅದರಲ್ಲಿ ಪದೇ ಪದೇ ಬರುತ್ತದೆ, ನಿಮಗೆ ಒಳ್ಳೆಯ ಭವಿಷ್ಯ ಕೊಡುತ್ತೇನೆ ಅಂತ. ಅದರ ಹಿಂದಿನ ವಚನ ಯಾರೂ ಕಳಿಸೋದಿಲ್ಲ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಬಿಡಿಸುತ್ತೇನೆ ಎನ್ನುತ್ತದೆ ಅದು. ಎರಡೇ ವರ್ಷ ಸಾಕು ಎಂದು ಜನರಿಗೆ ಹಿತವಾಗಿ ಹೇಳಿದವನು ಹನನ್ಯ, ಅವನು ಸುಳ್ಳು ಪ್ರವಾದಿ. ಅಲ್ಲಿಯತನಕ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿಗಾಗಿ ಪ್ರಾರ್ಥಿಸಿ ಎಂದು ಯೆರೆಮೀಯ ಬರೆದ. ಇಡೀ ಪತ್ರ ಓದಿದರೆ ಅದು ಬಿಡಿ ವಚನಕ್ಕಿಂತ ಎಷ್ಟೋ ಗಟ್ಟಿ ಸಮಾಧಾನ.

ವರ್ಷದ ಪಟ್ಟಿ ಬಿಟ್ಟದ್ದಕ್ಕೆ ನೊಂದುಕೊಂಡಿದ್ದೀರಿ. ಇಂದಿಗೂ ಬಹಳ ಜನ ಬಳಸುವ ಪಟ್ಟಿಯೊಂದನ್ನು ಸ್ಕಾಟ್ಲೆಂಡಿನ ಡಂಡೀಯಲ್ಲಿ ಪಾಲಕರಾಗಿದ್ದ ರಾಬರ್ಟ್ ಮರ್ರಿ ಮಕ್‌ಷೇನ್ 1842ರಲ್ಲಿ ತಮ್ಮ ಸಭೆಗೆ ಮಾಡಿಕೊಟ್ಟರು. ವರ್ಷಕ್ಕೆ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಪಟ್ಟಿಯ ಜೊತೆಗೇ ಅವರು ಅದರ ಅಪಾಯಗಳನ್ನೂ ಬರೆದಿದ್ದರು. ಓದು ಬರೀ ಶಾಸ್ತ್ರಕ್ಕೆ ಮುಗಿಸುವಂತಾಗಬಹುದು, ಮುಗಿಸಿದೆ ಎಂಬ ಹೆಮ್ಮೆ ಬರಬಹುದು, ಗಮನವಿಲ್ಲದೆ ಓದಬಹುದು, ಕೆಲವರಿಗೆ ಹೊರಲಾರದ ನೊಗವೂ ಆಗಬಹುದು ಅಂತ. ಪಟ್ಟಿ ಮಾಡಿದವರೇ ಇಷ್ಟು ಹೇಳಿದ ಮೇಲೆ ನೀವು ಯಾಕೆ ಅಳುಕಬೇಕು?

ಬೆಳಿಗ್ಗೆಯೇ ಓದಬೇಕು ಎಂಬ ಆಜ್ಞೆ ಎಲ್ಲೂ ಇಲ್ಲ. ಮೊದಲನೇ ಕೀರ್ತನೆ ಹಗಲಿರುಳು ಎನ್ನುತ್ತದೆ. ಯಾವ ಹೊತ್ತು ನಿಮ್ಮದೋ ಅದನ್ನು ಹಿಡಿಯಿರಿ. ಒಂದು ಸಲಕ್ಕೆ ಒಂದೇ ಪುಸ್ತಕ ಆರಿಸಿಕೊಳ್ಳಿ. ಮಾರ್ಕನ ಸುವಾರ್ತೆಯಿಂದ ಶುರು ಮಾಡಬಹುದು. ಹದಿನಾರೇ ಅಧ್ಯಾಯ, ಒಂದು ಬಿಡುವಿನ ಮಧ್ಯಾಹ್ನ ಕೂತರೆ ಪೂರ್ತಿ ಓದಬಹುದು. ಆಮೇಲೆ ಅದನ್ನೇ ದಿನಕ್ಕೆ ಸ್ವಲ್ಪ ಸ್ವಲ್ಪ ಮತ್ತೆ ಓದಿ. ಜೊತೆಗೆ ದಿನಕ್ಕೊಂದು ಕೀರ್ತನೆ, ಸಾಧ್ಯವಾದರೆ ಬಾಯಿಬಿಟ್ಟು. ತಿಂಗಳ ತಾರೀಕು ನೋಡಿ ಜ್ಞಾನೋಕ್ತಿಗಳ ಅದೇ ಸಂಖ್ಯೆಯ ಅಧ್ಯಾಯ ಓದುವವರೂ ಇದ್ದಾರೆ, ಅಲ್ಲಿ ಸರಿಯಾಗಿ 31 ಅಧ್ಯಾಯ ಇರುವುದರಿಂದ. ಓದು ತಪ್ಪಿದ ದಿನವನ್ನು ಮರುದಿನಕ್ಕೆ ಸೇರಿಸಿ ಬಾಕಿ ತೀರಿಸಲು ಹೋಗಬೇಡಿ, ಬಿಟ್ಟಲ್ಲಿಂದ ಮುಂದುವರಿಸಿ. ಯಾಜಕಕಾಂಡದಲ್ಲಿ ಸಿಕ್ಕಿಬಿದ್ದರೆ ಅದನ್ನು ಒಬ್ಬರೇ ಓದಬೇಡಿ, ಗೊತ್ತಿದ್ದವರ ಜೊತೆ ಓದಿ. ಆಫೀಸಿಗೆ ಉತ್ತರ ಕೊಡಲು ಎಷ್ಟು ದಿನ ಇದೆ ಎಂದು ನೀವು ಬರೆದಿಲ್ಲ. ಕಡಿಮೆ ಇದ್ದರೆ ನಾಳೆಯೇ ಹೋಗಿ ಸ್ವಲ್ಪ ಹೆಚ್ಚು ಸಮಯ ಕೇಳಿ.